275 ಬಿಳಿಯ ಗರಿಗಳು

1933ರ ಫೆಬ್ರವರಿ ತಿಂಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಚರ್ಚಾಸಂಘಕ್ಕೆ ಒಂದು ಪೆಟ್ಟಿಗೆ ಬಂದಿತು. ತೆರೆದು ನೋಡಿದರೆ ಒಳಗಿದ್ದುದು ಬಿಳಿಯ ಹಕ್ಕಿಗರಿಗಳು. ಎಣಿಸಿದರೆ ಸರಿಯಾಗಿ 275. ಕಳುಹಿಸಿದವರ ಅಭಿಪ್ರಾಯವೇನೆಂಬುದನ್ನು ಆ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಪೌರುಷ ಸಾಲದವನನ್ನು ಕೈಗೆ ಬಳೆ ತೊಟ್ಟುಕೋ ಎಂದು ಹಂಗಿಸುವಂತೆ, ಅಲ್ಲಿ ಹೇಡಿಯೆನಿಸಿದವನಿಗೆ ಬಿಳಿಯ ಗರಿಯನ್ನು ಕೊಡುವುದು ವಾಡಿಕೆಯಾಗಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಚಾರ್ಲ್ಸ್ ಫಿಟ್ಸ್‌ಜೆರಾಲ್ಡ್ ಎಂಬ ನಿವೃತ್ತ ನೌಕಾಸೇನಾನಿ ಫೋಕ್‌ಸ್ಟನ್ ಪಟ್ಟಣದಲ್ಲಿ ಮೂವತ್ತು ಮಂದಿ ಹೆಂಗಸರನ್ನು ಕೂಡಿಸಿ, ಸೈನಿಕನ ಉಡುಪಿಲ್ಲದೆ ಬೀದಿಯಲ್ಲಿ ತಿರುಗುವ ತರುಣರ ಕೈಗೆ ಇಂತಹ ಗರಿಗಳನ್ನು ಕೊಡಿಸಿದ್ದರು. ಅವಮಾನ ತಾಳಲಾರದೆ ಸೈನ್ಯಕ್ಕೆ ಸೇರಿ ಮಡಿದವರೂ ಉಂಟು. ಹತ್ತೊಂಬತ್ತು ವರ್ಷಗಳ ಅನಂತರ ಅದೇ ಗರಿ ಆಕ್ಸ್‌ಫರ್ಡಿನ ಹುಡುಗರನ್ನು ಹುಡುಕಿಕೊಂಡು ಬಂದಿತ್ತು.

ಹುಡುಗರು ಅಂಜಲಿಲ್ಲ. ಸ್ವಲ್ಪ ಕಾಲದಲ್ಲೇ ಗರಿಗಳ ಇನ್ನೊಂದು ಪೆಟ್ಟಿಗೆಯೂ ಬಂದಾಗ, ಸಂಘದ ಅಧ್ಯಕ್ಷರಾಗಿದ್ದ ಫ್ರಾಂಕ್ ಹಾರ್ಡಿ ಎಂಬ ವಿದ್ಯಾರ್ಥಿ, ಗೊತ್ತುವಳಿಯ ಪರವಾಗಿ ಮತ ಹಾಕಿದ ಪ್ರತಿಯೊಬ್ಬ ಸದಸ್ಯನಿಗೂ ಈಗ ಎರಡೆರಡು ಗರಿಗಳು ದೊರೆಯುವುವೆಂದು ಪ್ರಕಟಿಸಿದರು!

ಆ ಗೊತ್ತುವಳಿ ಯಾವುದೆಂದರೆ: ಯಾವ ಸಂದರ್ಭದಲ್ಲಿಯೂ ಈ ಸಭೆ ತನ್ನ ರಾಜನಿಗಾಗಿ, ದೇಶಕ್ಕಾಗಿ ಯುದ್ಧ ಮಾಡುವುದಿಲ್ಲ. ಫೆಬ್ರವರಿ 9, ಗುರುವಾರದ ರಾತ್ರಿ ಇದರ ಪರವಾಗಿ 275 ಮತಗಳೂ ವಿರೋಧವಾಗಿ 153 ಮತಗಳೂ ಬಿದ್ದುವು. ಪ್ರಶ್ನೆಯ ಮಾತುಗಳನ್ನು ಜೋಡಿಸಿದವರು ಡೇವಿಡ್ ಗ್ರೇಹಮ್ ಎಂಬ ವಿದ್ಯಾರ್ಥಿ. ಸಪ್ಪೆಯಾದ ವಿಷಯವನ್ನಿಟ್ಟರೆ ಸಭೆ ತುಂಬುವುದಿಲ್ಲವೆಂಬುದು ಚರ್ಚಾಕೂಟಗಳನ್ನು ನಡೆಸಿದವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಇದು ಸಭೆಯನ್ನಷ್ಟೇ ಅಲ್ಲ, ಸಾಮ್ರಾಜ್ಯದ ಉದ್ದಗಲದ ವೃತ್ತಪತ್ರಿಕೆಗಳನ್ನೂ ತುಂಬಿಸೀತೆಂದು ಯಾರೂ ಎಣಿಸಿರಲಿಲ್ಲ.

ಆಕ್ಸ್‌ಫರ್ಡಿನಲ್ಲಿ ಕಾಲೇಜೆಂದರೆ ಪಾಠದ ಕೋಣೆಗಳ ಸಾಲಲ್ಲ. ವಿದ್ಯಾರ್ಥಿ ಉಂಡು ಮಲಗುವ ಮನೆಯೂ ಅದೇ. ಒಂದು ಅಂಗಳ, ಅದರ ಸುತ್ತ ಕೋಣೆಗಳು, ಒಂದು ಭೋಜನಶಾಲೆ, ಒಂದು ಪ್ರಾರ್ಥನಾಮಂದಿರ, ರಾತ್ರಿ ಮುಚ್ಚುವ ಹೆಬ್ಬಾಗಿಲು. ಊಟದ ಮೇಜಿನಲ್ಲಿ ಹುಟ್ಟಿದ ವಾದ ಕೋಣೆಯ ಬೆಂಕಿಗೂಡಿನ ಮುಂದೆ ಬೆಳೆಯುತ್ತದೆ. ಬೆಳಗಿನ ಉಪಾಹಾರದ ಹೊತ್ತಿಗೆ ಇನ್ನೊಬ್ಬನ ಕೋಣೆಯಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ದಿನ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚರ್ಚಾಸಂಘವು ಈ ಎಲ್ಲ ಕಾಲೇಜುಗಳ ತರುಣರೂ ಒಂದೆಡೆ ಸೇರುವ ಸ್ಥಳ. ಅಲ್ಲಿ ಮತ ಹಾಕುವವನು ಚೀಟಿಯಲ್ಲಿ ಏನನ್ನೂ ಬರೆಯುವುದಿಲ್ಲ. ಹೌದೆನ್ನುವವರು ಒಂದು ಬಾಗಿಲಿನಿಂದಲೂ ಅಲ್ಲವೆನ್ನುವವರು ಇನ್ನೊಂದು ಬಾಗಿಲಿನಿಂದಲೂ ನಡೆದು ಹೊರಬೀಳುತ್ತಾರೆ, ಎಣಿಸುವವರು ಎಣಿಸುತ್ತಾರೆ. ಆ ರಾತ್ರಿ ಯಾವ ಬಾಗಿಲಿನಿಂದ ಹೊರಟೆನೆಂಬುದು ನಡೆದವನಿಗೂ ಅವನ ಪಕ್ಕದವನಿಗೂ ಮಾತ್ರ ಗೊತ್ತು.

ಈ ತರುಣರಿಗೆ ಆಗ ಇಪ್ಪತ್ತು, ಇಪ್ಪತ್ತೊಂದು ವಯಸ್ಸು. ಎಂದರೆ ಯುದ್ಧ ಆರಂಭವಾದಾಗ ತೊಟ್ಟಿಲಿನಿಂದ ಆಗತಾನೆ ಇಳಿದಿದ್ದ ಕೂಸುಗಳು. ಎಷ್ಟೋ ಮಂದಿಗೆ ತಂದೆಯೆಂದರೆ, ಚಿಕ್ಕಪ್ಪನೆಂದರೆ, ಗೋಡೆಯ ಮೇಲಿನ ಒಂದು ಭಾವಚಿತ್ರ. ಆ ಯುದ್ಧಕ್ಕೆ ಆಕ್ಸ್‌ಫರ್ಡಿನಿಂದ 14,500ಕ್ಕೂ ಹೆಚ್ಚು ಮಂದಿ ಹೋದರು; ಸುಮಾರು 2,700 ಮಂದಿ ಹಿಂದಿರುಗಲಿಲ್ಲ. ಪ್ರತಿಯೊಂದು ಕಾಲೇಜಿನಲ್ಲಿಯೂ ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಯಿತು. ವಿದ್ಯಾರ್ಥಿಗಳು ದಿನವೂ ಆ ಕಲ್ಲುಗಳ ಮುಂದೆಯೇ ಹಾದುಹೋಗಬೇಕು. ನ್ಯೂ ಕಾಲೇಜಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಕಾಲೇಜಿನಲ್ಲಿ ಓದಿ ಜರ್ಮನಿಯ ಪರವಾಗಿ ಹೋರಾಡಿ ಸತ್ತ ಮೂವರ ಹೆಸರುಗಳನ್ನೂ ತಮ್ಮ ಪ್ರಾರ್ಥನಾಮಂದಿರದಲ್ಲಿ ಕೆತ್ತಿಸಿದರು. ಒಂದೇ ಮೇಜಿನಲ್ಲಿ ಉಂಡವರು ಎರಡು ಸೈನ್ಯಗಳಲ್ಲಿ ನಿಂತಿದ್ದರು. ಆ ಕಲ್ಲನ್ನು ನೋಡುತ್ತ ಓದಿದ ಹುಡುಗನಿಗೆ ರಾಜ, ದೇಶ ಎಂಬ ಎರಡು ಮಾತುಗಳು ಕಿವಿಗೆ ಬಿದ್ದಾಗ ಅವನ ಕಣ್ಣ ಮುಂದೆ ಸೈನ್ಯಕ್ಕೆ ಆಳುಗಳನ್ನು ಕರೆದ 1914ರ ಭಿತ್ತಿಪತ್ರ ಬಂದು ನಿಂತಿದ್ದರೆ ಆಶ್ಚರ್ಯವಿಲ್ಲ. ಆ ಕಾಲದಲ್ಲಿ ಪುಸ್ತಕದ ಅಂಗಡಿಗಳಲ್ಲಿ ರೆಮಾರ್ಕ್, ರಾಬರ್ಟ್ ಗ್ರೇವ್ಸ್ ಮೊದಲಾದ ಮಾಜಿ ಸೈನಿಕರ ಕೃತಿಗಳು ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದುವು. ಹೊರಗೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷದ ಸಮೀಪಕ್ಕೆ ಬಂದಿತ್ತು. ಯುದ್ಧದಿಂದ ಬಂದ ಲಾಭವೇನೆಂದು ಕೇಳಿದರೆ ತೋರಿಸಲು ಹೆಚ್ಚೇನೂ ಇರಲಿಲ್ಲ.

ಗೊತ್ತುವಳಿಯನ್ನು ಮಂಡಿಸಿದವರು ಸೇಂಟ್ ಜಾನ್ಸ್ ಕಾಲೇಜಿನ ಕೆನೆಲ್ಮ್ ಡಿಗ್ಬಿ. ಯುದ್ಧಪ್ರಿಯರನ್ನು ಹೊರದೂಡಿ ಶಾಂತಿಗಾಗಿ ದುಡಿಯುತ್ತಿರುವ ದೇಶ ಸೋವಿಯೆತ್ ರಷ್ಯವೊಂದೇ ಎಂಬುದು ಅವರ ವಾದಗಳಲ್ಲಿ ಒಂದು. ಇಂದು ಓದುವವರಿಗೆ ಇದು ನಗೆ ತರಿಸಬಹುದು. ಆಗ ಅದನ್ನು ನಂಬಿದ ಬುದ್ಧಿವಂತರಿಗೆ ಕೊರತೆಯಿರಲಿಲ್ಲ. ವಿರೋಧಪಕ್ಷದ ಅತಿಥಿ ಕ್ವಿಂಟಿನ್ ಹಾಗ್ ಅವರು ಆಗ ಇಪ್ಪತ್ತೈದರ ವಯಸ್ಸಿನ ನ್ಯಾಯವಾದಿ, ಸಂಘದ ಮಾಜಿ ಅಧ್ಯಕ್ಷ. ಶಸ್ತ್ರವನ್ನು ಕೆಳಗಿಟ್ಟ ಇಂಗ್ಲೆಂಡಿನಿಂದ ಯೂರೋಪಿಗೆ ಶಾಂತಿ ಬರಲಾರದು, ಯುದ್ಧವೇ ಬಂದೀತು ಎಂದು ಅವರು ಎಚ್ಚರಿಸಿದರು. ಆದರೆ ಆ ರಾತ್ರಿ ಸಭೆಯನ್ನು ಗೆದ್ದವರು ತತ್ತ್ವಶಾಸ್ತ್ರದ ಅಧ್ಯಾಪಕ ಸಿ. ಇ. ಎಂ. ಜೋಡ್. ಹಿಂದಿನ ಕಾಲದ ಸಣ್ಣ ಯುದ್ಧಗಳಿಗೆ ಏನಾದರೂ ಸಮರ್ಥನೆಯಿದ್ದೀತು. ಆಕಾಶದಿಂದ ಬಾಂಬು ಸುರಿಯುವ ಈ ಕಾಲದಲ್ಲಿ ಯುದ್ಧವೆಂದರೆ ಸರಕಾರದ ಅಪ್ಪಣೆಯ ಮೇರೆಗೆ ನಡೆಸುವ ಸಾಮೂಹಿಕ ಕೊಲೆಯಲ್ಲದೆ ಬೇರಲ್ಲ ಎಂದು ಅವರು ವಾದಿಸಿದರು. ಬಾಂಬು ಹೊತ್ತ ವಿಮಾನವನ್ನು ತಡೆಯಬಲ್ಲ ಶಕ್ತಿ ಯಾವುದೂ ಇಲ್ಲವೆಂದು ಹಿರಿಯ ಮಂತ್ರಿಗಳಾದ ಬಾಲ್ಡ್ವಿನ್ನರೇ ಕೇವಲ ಮೂರು ತಿಂಗಳ ಹಿಂದೆ ಪಾರ್ಲಿಮೆಂಟಿನಲ್ಲಿ ಹೇಳಿದ್ದರು. ಆದ್ದರಿಂದ ಜೋಡರ ಮಾತು ಬರಿಯ ಕಲ್ಪನೆಯೆನಿಸಲಿಲ್ಲ. ಹಾಗಾದರೆ ವೈರಿ ಇಂಗ್ಲೆಂಡಿನ ಮೇಲೆಯೇ ಬಂದು ಇಳಿದರೆ ಮಾಡುವುದೇನು? ಗಾಂಧೀಜಿಯವರ ಮಾದರಿಯ ಅಹಿಂಸಾತ್ಮಕ ಪ್ರತಿಭಟನೆಯಿಂದ ಅವನನ್ನು ಎದುರಿಸಬಹುದೆಂಬುದು ಜೋಡರ ಉತ್ತರ.

ಇಲ್ಲಿ ಭಾರತೀಯ ಓದುಗರು ಒಂದು ಕ್ಷಣ ನಿಲ್ಲಬೇಕು. ಆಕ್ಸ್‌ಫರ್ಡಿಗೆ ಗಾಂಧೀಜಿ ಅಪರಿಚಿತರಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಹೋದಾಗ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾದ ಲಿಂಡ್ಸೆಯವರ ಅತಿಥಿಯಾಗಿ ಅಲ್ಲಿ ತಂಗಿದ್ದರು. ಆದರೆ ಇಂಗ್ಲಿಷ್ ತರುಣರು ಅವರ ಮಾರ್ಗವನ್ನು ಮೆಚ್ಚಿಕೊಳ್ಳುತ್ತಿದ್ದ ಆ ಗುರುವಾರ ಅವರು ಇದ್ದುದು ಪುಣೆಯ ಯರವಡಾ ಸೆರೆಮನೆಯಲ್ಲಿ. ಅವರ ‘ಹರಿಜನ’ ಪತ್ರಿಕೆಯ ಮೊದಲ ಸಂಚಿಕೆ ಹೊರಬಿದ್ದುದು ಅದಾದ ಎರಡೇ ದಿನಗಳಿಗೆ, ಫೆಬ್ರವರಿ 11ರಂದು. ಅವರನ್ನು ಸೆರೆಯಲ್ಲಿಟ್ಟದ್ದು ಗೊತ್ತುವಳಿಯಲ್ಲಿ ಹೆಸರಿಸಿದ ಅದೇ ರಾಜನ ಸರಕಾರ. ಆ ರಾಜನಿಗಾಗಿ ಹೋರಾಡಬೇಕೆ ಬೇಡವೆ ಎಂದು ಕೇಳುವ ಗೋಜಿಗೆ ಭಾರತದಲ್ಲಿ ಯಾರೂ ಹೋಗಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿಯಲು ಜೋಧಪುರದ ಕುದುರೆ ದಳದೊಡನೆ ನಮ್ಮ ಮೈಸೂರಿನ ಲ್ಯಾನ್ಸರುಗಳೂ ಈಟಿ ಹಿಡಿದು ನುಗ್ಗಿದರು. ಅವರ ಮುಂದೆ ಹೌದೆನ್ನುವ ಬಾಗಿಲು, ಅಲ್ಲವೆನ್ನುವ ಬಾಗಿಲು ಎಂದು ಎರಡಿರಲಿಲ್ಲ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಭಾರತವೂ ಯುದ್ಧದಲ್ಲಿದೆಯೆಂದು ಘೋಷಿಸಿದಾಗ ಒಬ್ಬ ಭಾರತೀಯ ನಾಯಕನನ್ನೂ ಕೇಳಲಿಲ್ಲ. ಅದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆದರೂ ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು. ಆಕ್ಸ್‌ಫರ್ಡಿನ ಗಲಾಟೆಯ ಮರುವರ್ಷವೇ, 1934ರಲ್ಲಿ, ಡಿ. ಎಫ್. ಕರಾಕ ಎಂಬ ಮುಂಬಯಿಯ ಪಾರ್ಸಿ ತರುಣ ಆ ಚರ್ಚಾಸಂಘಕ್ಕೆ ಅಧ್ಯಕ್ಷರಾದರೆಂಬುದನ್ನೂ ಇಲ್ಲಿಯೇ ಹೇಳಬೇಕು; ಆ ಪೀಠವನ್ನೇರಿದ ಮೊದಲ ಭಾರತೀಯರು ಅವರು.

ಮತ್ತೆ ಗಲಾಟೆಗೆ ಬರೋಣ. ಮೊದಮೊದಲು ಪತ್ರಿಕೆಗಳು ಈ ಮತದಾನವನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಲಂಡನ್ನಿನ ಒಂದೆರಡು ಪತ್ರಿಕೆಗಳು ದನಿಯೆತ್ತಿದ ಮೇಲೆ ಕಾಡುಕಿಚ್ಚು ಹಬ್ಬಿದಂತಾಯಿತು. ‘ಡೇಲಿ ಎಕ್ಸ್‌ಪ್ರೆಸ್’ ಈ ಹುಡುಗರನ್ನು ತಲೆ ಕೆಟ್ಟ ಕಮ್ಯೂನಿಸ್ಟರು, ಕಿಡಿಗೇಡಿಗಳು ಎಂದು ಜರೆಯಿತು. ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಮಾತ್ರ, ರಾಜ ಮತ್ತು ದೇಶದ ಹೆಸರನ್ನು ಹಿಂದೆ ದುರುಪಯೋಗಪಡಿಸಿದ್ದಕ್ಕೆ ತರುಣರ ಅಸಮ್ಮತಿಯೆಂದು ಇದನ್ನು ಅರ್ಥಮಾಡಬೇಕೆಂದಿತು. ಆಗ ಅಧಿಕಾರವಿಲ್ಲದೆ ಹೊರಗುಳಿದಿದ್ದ ವಿನ್‌ಸ್ಟನ್ ಚರ್ಚಿಲ್ಲರು ಫೆಬ್ರವರಿ 17ರಂದು ಒಂದು ಸಭೆಯಲ್ಲಿ ಈ ಗೊತ್ತುವಳಿಯನ್ನು ಹೀನವಾದದ್ದು, ನಾಚಿಕೆಗೆಟ್ಟದ್ದು ಎಂದು ಖಂಡಿಸಿದರು. ಅಷ್ಟರಲ್ಲಿ ಕೆಲವು ವಿದ್ಯಾರ್ಥಿಗಳು ಸಂಘದ ಸಭೆಗೆ ನುಗ್ಗಿ, ನಡವಳಿ ಪುಸ್ತಕದಿಂದ ಫೆಬ್ರವರಿ 9ರ ಹಾಳೆಯನ್ನು ಹರಿದುಕೊಂಡು ಹೋದರು. ಅದನ್ನು ಪುನಃ ಬರೆದು ಸೇರಿಸಬೇಕಾಯಿತು.

ಹರಿದು ಹಾಕಿದ್ದನ್ನು ಕ್ರಮಬದ್ಧವಾಗಿ ಅಳಿಸಿಹಾಕಲು ಮುಂದೆ ಬಂದವರು ಚರ್ಚಿಲ್ಲರ ಮಗ ರ‍್ಯಾಂಡಾಲ್ಫ್. ಅವರೂ ಆಕ್ಸ್‌ಫರ್ಡಿನ ಹಳೆಯ ವಿದ್ಯಾರ್ಥಿ, ಸಂಘದ ಆಜೀವ ಸದಸ್ಯರು. ಆ ನಿರ್ಣಯವನ್ನು ದಾಖಲೆಯಿಂದಲೇ ತೆಗೆದುಹಾಕಬೇಕೆಂಬ ಸೂಚನೆಯನ್ನು ಅವರು ಮಾರ್ಚ್ 2ರಂದು ತಂದರು. ಸಭಾಭವನ ಕಿಕ್ಕಿರಿದಿತ್ತು. ರ‍್ಯಾಂಡಾಲ್ಫರನ್ನು ಎದುರುಗೊಂಡದ್ದು ಹೂಂಕಾರ ಮತ್ತು ದುರ್ಗಂಧದ ಬಾಂಬುಗಳು. ಗಾಳಿ ಎತ್ತ ಬೀಸುತ್ತಿದೆಯೆಂದು ಕಂಡ ಅವರು ಸೂಚನೆಯನ್ನು ಹಿಂತೆಗೆದುಕೊಳ್ಳಲು ಅನುಮತಿ ಬೇಡಿದರು. ಸಭೆ ಬಿಡಲಿಲ್ಲ, ಮತಕ್ಕೆ ಹಾಕಿಸಿಯೇ ತೀರಿತು. ಅಳಿಸಬೇಕೆಂದವರು 138, ಕೂಡದೆಂದವರು 750.

ಇಡೀ ಪ್ರಸಂಗದಲ್ಲಿ ಹೆಚ್ಚು ಯೋಚಿಸತಕ್ಕ ಅಂಕಿಗಳು ಇವೇ, ಆ 275 ಅಲ್ಲ. ಮೊದಲ ದಿನ ಮತ ಹಾಕಿದವರು ಒಟ್ಟು 428, ಈಗ 888. ಯುದ್ಧವೇ ಬೇಡವೆನ್ನುವವರ ಸಂಖ್ಯೆ ಮೂರು ವಾರಗಳಲ್ಲಿ 275ರಿಂದ 750ಕ್ಕೆ ಬೆಳೆದಿರಲಾರದು. ಗೊತ್ತುವಳಿಯನ್ನು ಒಪ್ಪದವರು ಅನೇಕರು ಆ ದಿನ ಗೊತ್ತುವಳಿ ದಾಖಲೆಯಲ್ಲಿ ಉಳಿಯಲಿ ಎಂದು ಕೈಜೋಡಿಸಿದ್ದರು. ತಮ್ಮ ಮನೆಯಲ್ಲಿ ತಾವು ಏನು ಆಡಬೇಕೆಂಬುದನ್ನು ಲಂಡನ್ನಿನ ಸಂಪಾದಕರೂ ಹೆಸರಾಂತ ತಂದೆಯ ಮಗನೂ ಬಂದು ಕಲಿಸುವುದು ಅವರಿಗೆ ಹಿಡಿಸಲಿಲ್ಲ. ತಪ್ಪನ್ನಾಡುವ ಹಕ್ಕು ತನ್ನ ಜೊತೆಯವನಿಗಿದೆಯೆಂದು, ಅದನ್ನು ತಪ್ಪೆಂದು ತಿಳಿದವನೇ ಎದ್ದು ನಿಂತು ಕಾಪಾಡುವುದು ವಿದ್ಯಾಶಾಲೆಗಳಲ್ಲಿ ದಿನವೂ ಕಾಣುವ ದೃಶ್ಯವಲ್ಲ.

ಗೊತ್ತುವಳಿಯಲ್ಲಿ ತಪ್ಪಿರಲಿಲ್ಲವೆ? ಇತ್ತು; ಅದು ‘ಯಾವ ಸಂದರ್ಭದಲ್ಲಿಯೂ’ ಎಂಬ ಮೊದಲ ಮಾತುಗಳಲ್ಲಿಯೇ ಇತ್ತು. ಹಿಟ್ಲರನು ಜರ್ಮನಿಯ ಪ್ರಧಾನಿಯಾದದ್ದು 1933ರ ಜನವರಿ 30ರಂದು, ಚರ್ಚೆಗೆ ಹತ್ತು ದಿನಗಳ ಮುಂಚೆ. ಹುಡುಗರು ಉತ್ತರಿಸುತ್ತಿದ್ದುದು 1914ರ ಪ್ರಶ್ನೆಗೆ. ಬರ್ಲಿನ್ನಿನಲ್ಲಿ ಸಿದ್ಧವಾಗುತ್ತಿದ್ದ ಪ್ರಶ್ನೆಪತ್ರಿಕೆಯೇ ಬೇರೆಯಾಗಿತ್ತು. ಆದರೆ ಅದನ್ನು ಓದಲಾರದೆ ಹೋದವರು ಹುಡುಗರು ಮಾತ್ರವೇ ಎಂಬುದನ್ನೂ ಕೇಳಬೇಕಷ್ಟೆ. 1936ರ ಮಾರ್ಚಿಯಲ್ಲಿ ಜರ್ಮನ್ ಸೈನ್ಯ ರೈನ್ ಪ್ರದೇಶವನ್ನು ಹೊಕ್ಕಾಗ ಕೈಕಟ್ಟಿ ಕುಳಿತದ್ದು ಲಂಡನ್ ಮತ್ತು ಪ್ಯಾರಿಸಿನ ಮಂತ್ರಿಮಂಡಲಗಳು. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ಕಿಗೆ ಹೋಗಿ ಜೆಕೊಸ್ಲೊವಾಕಿಯವನ್ನು ತುಂಡರಿಸುವ ಒಪ್ಪಂದಕ್ಕೆ ರುಜು ಹಾಕಿದ ಪ್ರಧಾನಮಂತ್ರಿ ಚೇಂಬರ್ಲಿನ್ನರ ವಯಸ್ಸು 69.

ಹೀಗಿದ್ದರೂ ಯುದ್ಧದ ಹೊಣೆಯ ಒಂದು ಪಾಲನ್ನು ಆ 275 ಮಂದಿಯ ತಲೆಗೆ ಕಟ್ಟುವವರು ಮುಂದೆ ಬಹುಕಾಲ ಉಳಿದರು. ಬ್ರಿಟನ್ ಕೈಲಾಗದ ದೇಶವಾಯಿತೆಂಬ ಭಾವನೆ ಈ ಮತದಾನದಿಂದ ಜರ್ಮನಿ, ಇಟಲಿ, ಜಪಾನುಗಳಲ್ಲಿ ಬೇರೂರಿತೆಂದು 1948ರಲ್ಲಿ ಪ್ರಕಟವಾದ ಯುದ್ಧದ ಇತಿಹಾಸದಲ್ಲಿ ಚರ್ಚಿಲ್ಲರು ಬರೆದರು. ಸುದ್ದಿ ಜರ್ಮನಿಗೆ ತಲುಪಿದ್ದು ನಿಜ. 1933ರ ಡಿಸೆಂಬರಿನಲ್ಲಿ ಹಾಲೆಂಡಿನಿಂದ ಕಾನ್‌ಸ್ಟಾಂಟಿನೋಪಲಿಗೆ ಕಾಲುನಡಿಗೆಯಲ್ಲಿ ಹೊರಟ ಪ್ಯಾಟ್ರಿಕ್ ಲೀ ಫರ್ಮರ್ ಎಂಬ ಹದಿನೆಂಟರ ಇಂಗ್ಲಿಷ್ ಹುಡುಗನನ್ನು ಜರ್ಮನಿಯಲ್ಲಿ ಜನ ಈ ಗೊತ್ತುವಳಿಯ ವಿಷಯವಾಗಿ ಕೇಳುತ್ತಿದ್ದರು. ಅದನ್ನು ವಿವರಿಸಿ ಹೇಳಲು ಪಟ್ಟ ಪಾಡನ್ನು ಅವರು ತಮ್ಮ ಪ್ರವಾಸಗ್ರಂಥದಲ್ಲಿ ಬರೆದಿದ್ದಾರೆ. ಆದರೆ ದಾರಿಹೋಕರ ಕುತೂಹಲ ಬೇರೆ, ಸರ್ವಾಧಿಕಾರಿಯ ಲೆಕ್ಕಾಚಾರ ಬೇರೆ. 1979ರಲ್ಲಿ ಈ ಪ್ರಸಂಗವನ್ನು ಕೂಲಂಕಷವಾಗಿ ಪರಿಶೀಲಿಸಿದ ಇತಿಹಾಸಕಾರ ಮಾರ್ಟಿನ್ ಸೀಡೆಲ್ ಅವರಿಗೆ, ಹಿಟ್ಲರನ ನಿರ್ಧಾರಗಳ ಮೇಲೆ ಇದು ಪ್ರಭಾವ ಬೀರಿತೆಂಬುದಕ್ಕೆ ಆಧಾರವೇನೂ ಸಿಕ್ಕಲಿಲ್ಲ. ಹುಡುಗರ ಮಾತಿಗೆ ಅಷ್ಟೊಂದು ತೂಕ ಕೊಟ್ಟವರು ಬಹುಶಃ ಹುಡುಗರ ವಿರೋಧಿಗಳೇ.

1939ರ ಏಪ್ರಿಲ್ ತಿಂಗಳಲ್ಲಿ ಅದೇ ಸಭಾಭವನದಲ್ಲಿ ಕಡ್ಡಾಯ ಸೈನ್ಯಸೇವೆಯ ಪ್ರಶ್ನೆ ಬಂದಾಗ ಬಹುಮತ ಅದನ್ನು ಸ್ವಾಗತಿಸಿತು. ಆರು ವರ್ಷಗಳಲ್ಲಿ ಕೋಣೆಗಳಿಗೆ ಹೊಸ ಹುಡುಗರು ಬಂದಿದ್ದರು, ಯೂರೋಪೂ ಹೊಸದಾಗಿತ್ತು. ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು. 1933ರಲ್ಲಿ ಹೌದೆಂದು ಬಾಗಿಲು ದಾಟಿದವರಲ್ಲಿ ಅನೇಕರು ಸೈನಿಕನ ಉಡುಪು ಧರಿಸಿದರು. ತಮ್ಮ ನುಡಿಗೆ ಅಂಟಿಕೊಂಡವರೂ ಇದ್ದರು. ಆ ಯುದ್ಧದಲ್ಲಿ ಬ್ರಿಟನ್ನಿನ ಸುಮಾರು 60,000 ಮಂದಿ ಅಂತಃಸಾಕ್ಷಿಯ ಕಾರಣದಿಂದ ಶಸ್ತ್ರ ಹಿಡಿಯಲಾರೆವೆಂದು ನ್ಯಾಯಮಂಡಲಿಗಳ ಮುಂದೆ ಹೆಸರು ಕೊಟ್ಟರು. ಮೊದಲ ಯುದ್ಧದಲ್ಲಿ ಅಂತಹವರು 16,000ದಷ್ಟು. ಬಿಳಿಯ ಗರಿಯ ಕಾಲಕ್ಕಿಂತ ಈಗ ಸರಕಾರ ಅವರನ್ನು ಹೆಚ್ಚು ಸಹನೆಯಿಂದ ನಡೆಸಿಕೊಂಡಿತು.

ಆ ರಾತ್ರಿ ಮಾತನಾಡಿದವರ ಮುಂದಿನ ಕಥೆ ಅವರ ಭಾಷಣಗಳಿಗಿಂತ ವಿಚಿತ್ರವಾಗಿದೆ. ಶಸ್ತ್ರವಿಲ್ಲದೆ ಶಾಂತಿಯಿಲ್ಲವೆಂದು ಗುಡುಗಿದ ಹಾಗ್ ಅವರು 1938ರ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನಿಂದಲೇ ಪಾರ್ಲಿಮೆಂಟಿಗೆ ಆರಿಸಿ ಬಂದದ್ದು ಮ್ಯೂನಿಕ್ ಒಪ್ಪಂದವನ್ನು ಸಮರ್ಥಿಸಿ. ಅದನ್ನು ವಿರೋಧಿಸಿ ಅವರೆದುರು ನಿಂತು ಸೋತವರು ಗಾಂಧೀಜಿಗೆ ಆತಿಥ್ಯವಿತ್ತ ಲಿಂಡ್ಸೆಯವರು. ಯುದ್ಧ ಬಂದಾಗ ಹಾಗ್ ಹಿಂದೆ ಸರಿಯಲಿಲ್ಲ. ಮರುಭೂಮಿಯ ರಣರಂಗದಲ್ಲಿ ಗಾಯಗೊಂಡರು, ಮುಂದೆ ಲಾರ್ಡ್ ಹೇಲ್ಷಮ್ ಎಂಬ ಹೆಸರಿನಿಂದ ಬ್ರಿಟನ್ನಿನ ಅತ್ಯುಚ್ಚ ನ್ಯಾಯಾಧಿಪತ್ಯಕ್ಕೇರಿದರು. ಸಭೆಯನ್ನು ಗೆದ್ದ ಜೋಡರು ಯುದ್ಧದ ಕಾಲದಲ್ಲಿ ತಮ್ಮ ಅಭಿಪ್ರಾಯವನ್ನು ಬದಲಿಸಿ, ನಾಟ್ಸಿಗಳನ್ನು ಸೋಲಿಸಲೇಬೇಕೆನ್ನುವವರ ಸಾಲಿಗೆ ಸೇರಿದರು. ಗೊತ್ತುವಳಿಯನ್ನು ಮಂಡಿಸಿದ ಡಿಗ್ಬಿಯವರು ನ್ಯಾಯಶಾಸ್ತ್ರವನ್ನೋದಿ ಬೋರ್ನಿಯೋ ದ್ವೀಪದ ಸರವಾಕ್ ರಾಜ್ಯದಲ್ಲಿ ಅಧಿಕಾರಿಯಾದರು. ಯುದ್ಧ ಅವರನ್ನು ಅಲ್ಲಿಗೂ ಅರಸಿಕೊಂಡು ಹೋಯಿತು. ಜಪಾನೀಯರು ಸರವಾಕನ್ನು ಹಿಡಿದ ಮೇಲೆ 1945ರವರೆಗೆ ಕುಚಿಂಗ್ ಬಳಿಯ ಬಾಟು ಲಿಂಟಾಂಗ್ ಶಿಬಿರದಲ್ಲಿ ಅವರು ಸೆರೆಯಾಳು.

1983ರ ಫೆಬ್ರವರಿಯಲ್ಲಿ, ಐವತ್ತು ವರ್ಷ ತುಂಬಿದಾಗ, ಸಂಘ ಅದೇ ಮಾತುಗಳನ್ನು ಮತ್ತೆ ಚರ್ಚೆಗಿಟ್ಟಿತು. ಫಾಕ್‌ಲೆಂಡ್ ದ್ವೀಪಗಳಿಗಾಗಿ ನಡೆದ ಯುದ್ಧ ಮುಗಿದು ಆಗ ಎಂಟು ತಿಂಗಳಾಗಿತ್ತು; ಗ್ರೀನಮ್ ಕಾಮನ್ ವಿಮಾನನೆಲೆಯ ಬೇಲಿಯ ಹೊರಗೆ ಅಣ್ವಸ್ತ್ರಗಳನ್ನು ವಿರೋಧಿಸಿ ಹೆಂಗಸರು ಶಿಬಿರ ಹೂಡಿದ್ದರು. ಗೊತ್ತುವಳಿಗೆ 187 ಮತಗಳು ಬಂದುವು, ವಿರೋಧವಾಗಿ 416. 1933ರಲ್ಲಿ ಹೆಣ್ಣುಮಕ್ಕಳಿಗೆ ಆ ಸಂಘದ ಸದಸ್ಯತ್ವವಿರಲಿಲ್ಲ. ಅದು ದೊರೆತದ್ದು 1963ರಲ್ಲಿ. ಯುದ್ಧ ಬೇಕೆ ಬೇಡವೆ ಎಂದು ಅಣ್ಣತಮ್ಮಂದಿರು ಎರಡು ಬಾಗಿಲುಗಳ ಮೂಲಕ ಹೊರನಡೆದ ಆ ಮೊದಲ ರಾತ್ರಿ ಅಕ್ಕತಂಗಿಯರಿಗೆ ಎರಡರಲ್ಲಿ ಒಂದೂ ತೆರೆದಿರಲಿಲ್ಲ. ಐವತ್ತು ವರ್ಷಗಳ ಅನಂತರ ಅವರೂ ಸಾಲಿನಲ್ಲಿ ನಿಂತು ಎಣಿಕೆಗೆ ಸಿಕ್ಕಿದರು.